ತೊಗರಿ ಹೊಲದ ಆಜಿ

ಆಜಿಯ ಎಡಗೈಯ ಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೂ ಹಚ್ಚೆ ಇತ್ತು. ಮದುವೆಗೆ ಮುಂಚೆ ತವರಿನಲ್ಲಿ ಹಾಕಿಸಿದ್ದಂತೆ. ಒಂದು ಕಾಲಕ್ಕೆ ಅದು ಬಳ್ಳಿಯೋ ನವಿಲೋ ಆಗಿದ್ದಿರಬೇಕು. ನಾನು ನೋಡುವ ಹೊತ್ತಿಗೆ ಚರ್ಮ ಸುಕ್ಕುಗಟ್ಟಿ, ಬಣ್ಣ ಹರಡಿ, ಬರೀ ಹಸಿರು ಕಲೆಯಾಗಿ ಉಳಿದಿತ್ತು. ನೀಲಗಾಯ್‌ಗಳನ್ನು ಬೈಯುವಾಗ ಆ ಕೈಯನ್ನು ತಲೆಯ ಮೇಲಕ್ಕೆತ್ತಿ ಬೀಸುತ್ತಿದ್ದಳು. ಉಸಿರು ತೆಗೆದುಕೊಳ್ಳಲು ಬೈಗುಳ ನಿಂತರೂ ಕೈ ನಿಲ್ಲುತ್ತಿರಲಿಲ್ಲ.

ಬನಾರಸ್ ಕಡೆ ತಂದೆಯ ತಾಯಿಗೆ ಆಜಿ ಎನ್ನುತ್ತಾರೆ. ಊರೆಲ್ಲ ಹಾಗೇ ಕರೆಯುತ್ತಿತ್ತು, ನಾನೂ ಕರೆದೆ. ಎರಡು ಸಾವಿರದ ದಶಕದ ಮೊದಲ ವರ್ಷಗಳು. ಧಾರವಾಡದಿಂದ ಬನಾರಸ್ಸಿನ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆಂದು ಹೋಗಿದ್ದೆ. ಅಲ್ಲಿನ ಶಿವಾಲ ಓಣಿಯಲ್ಲಿ ಕನ್ನಡದವರೊಬ್ಬರ ಮನೆಯ ಮಾಳಿಗೆ ಮೇಲೆ ಒಂದು ಕೋಣೆ. ನನ್ನ ವಿಷಯ ನೀಲಗಾಯ್: ಕುದುರೆಯಷ್ಟು ಎತ್ತರದ ಕಾಡು ಪ್ರಾಣಿ, ಹಿಂಡು ಹಿಂಡಾಗಿ ಹೊಲಕ್ಕೆ ನುಗ್ಗಿ ಬಟಾಣಿ, ಕಡಲೆ ಒಂದೂ ಬಿಡುವುದಿಲ್ಲ. ಊರವರ ಬಾಯಲ್ಲಿ ಅದು ಘಡರೋಜ್. ಎಷ್ಟು ಬೆಳೆ ತಿನ್ನುತ್ತವೆ, ಎಲ್ಲಿ ಮಲಗುತ್ತವೆ, ಯಾವಾಗ ಬರುತ್ತವೆ ಎಂದು ತಿಳಿಯುವುದು ನನ್ನ ಕೆಲಸ. ಚಳಿಗಾಲದಲ್ಲಿ ಗಂಗೆಗೆ ಪೀಪೆಗಳ ಮೇಲೆ ಹಾಸಿದ ಸೇತುವೆ ದಾಟಿ ರಾಮನಗರ, ಅಲ್ಲಿಂದ ಟೆಂಪೋದಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತರೆ ಬೆಳಿಗ್ಗೆ ಒಂಬತ್ತಕ್ಕೆ ಆಜಿಯ ಊರು. ಜನ ಪುಣ್ಯ ಕಟ್ಟಿಕೊಳ್ಳಲು ಕಾಶಿಗೆ ಬರುತ್ತಾರೆ. ನಾನು ಹಿಕ್ಕೆ ಆರಿಸಲು ಹೋಗಿದ್ದೆ!

ಆಜಿಗೆ ಅದೇ ದೊಡ್ಡ ತಮಾಷೆ. ಆಕೆಯ ಮಾತು ಅಪ್ಪಟ ಭೋಜಪುರಿ. ಆದರೆ ಆ ದನಿ, ಆ ಸಲಿಗೆ ನನ್ನ ಕಿವಿಗೆ ನಮ್ಮ ಓಣಿಯ ಮುದುಕಿಯರ ಮಾತಿನಂತೆಯೇ ಕೇಳುತ್ತಿತ್ತು. ಹಾಗೇ ಬರೆಯುತ್ತೇನೆ, ಬೇರೆ ಥರ ಬರೆದರೆ ಅದು ಆಜಿ ಅನ್ನಿಸುವುದಿಲ್ಲ. ಬಿಟಿಯಾ ಎಂಬ ಆಕೆಯ ಕರೆಯೊಂದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ, ಮಗಳೇ ಎಂದರ್ಥ.

“ಏನವಾ ಬಿಟಿಯಾ, ನಿಮ್ಮವ್ವ ನಿನ್ನ ಓದಿಸಿ ಬರಿಸಿ ಇಷ್ಟು ದೂರ ಕಳಿಸಿದ್ದು ಇದಕ್ಕೇನು? ಲದ್ದಿ ಕಾಗದದಾಗ ಕಟ್ಟಾಕ?”

“ಲದ್ದಿ ಅಲ್ಲ ಆಜಿ, ಹಿಕ್ಕೆ.”

“ಹೌದವಾ, ಹಿಕ್ಕಿ. ಓದಿದವರಿಗೆ ಅದರಾಗೂ ಜಾತಿ!” ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಗು ಮುಗಿದ ಕೂಡಲೇ, “ಹೊಟ್ಟಿಗೇನರ ಹಾಕಿಕೊಂಡಿಯಾ? ಬಾ ಇಲ್ಲಿ. ಮೊದಲ ಉಣ್ಣು, ಆಮ್ಯಾಲ ಬರಕೋ.” ನಾನು ಉಂಡು ಬಂದಿದ್ದೇನೆ ಎಂದರೆ ನಂಬುತ್ತಲೇ ಇರಲಿಲ್ಲ. ಸೊಸೆಗೆ ಕೂಗಿ ಕೆಂಡದಲ್ಲಿ ಸುಟ್ಟ ಗೋಧಿ ಹಿಟ್ಟಿನ ಉಂಡೆ ಲಿಟ್ಟಿ ತರಿಸಿ, ಅದನ್ನು ತಾನೇ ಮುರಿದು, ಸುಟ್ಟು ಕಿವುಚಿದ ಬದನೆಕಾಯಿ ಚೋಖಾದ ಪಕ್ಕದಲ್ಲಿಟ್ಟು, ನಾನು ತಿಂದು ಮುಗಿಸುವವರೆಗೆ ಎದುರಿಗೇ ಕೂತಿರುತ್ತಿದ್ದಳು. ಮನೆ ಬಿಟ್ಟು ಬಂದು ಅಳು ನುಂಗಿಕೊಂಡು ತಿರುಗುತ್ತಿದ್ದ ನನಗೆ ಅದೆಂಥ ಆಸರೆ ಎಂದು ಆಗ ಹೇಳಲಿಲ್ಲ. ಹೇಳಬೇಕಿತ್ತು.

ಆ ಊರಿನ ಇನ್ನೊಂದು ರೀತಿ ನನಗೆ ಬಹಳ ದಿನ ತಿಳಿದಿರಲಿಲ್ಲ. ಗಂಡಸರು ಯಾರ ಮನೆಗೆ ಬಂದರೂ ಹೊರಗೆ ನಿಂತು ಕೆಮ್ಮುತ್ತಿದ್ದರು. ನಾನು ಪಾಪ, ಚಳಿಗೆ ಊರಿಗೆ ಊರೇ ನೆಗಡಿ ಹಿಡಿದಿದೆ ಎಂದುಕೊಂಡು ಒಂದು ದಿನ ಆಜಿಯ ಮನೆ ಮುಂದೆ ಕೆಮ್ಮುತ್ತಿದ್ದ ಗ್ರಾಮ ಪ್ರಧಾನರಿಗೆ ಕೆಮ್ಮಿನ ಔಷಧದ ಶೀಸೆ ತಂದುಕೊಟ್ಟೆ. ಅವರು ಗಂಭೀರ ಮುಖ ಮಾಡಿ ಶೀಸೆ ತೆಗೆದುಕೊಂಡರು. ಒಳಗೆ ಆಜಿ ಮತ್ತು ಸೊಸೆ ಗೋಡೆ ಹಿಡಿದುಕೊಂಡು ನಕ್ಕರು. “ಕೆಮ್ಮಂದ್ರ ರೋಗ ಅಲ್ಲ ಬಿಟಿಯಾ, ಮರ್ಯಾದಿ. ಗಂಡಸು ಬಂದಾನ, ಹೆಣ್ಮಕ್ಕಳು ಸೆರಗು ಸರಿ ಮಾಡಿಕೊಳ್ಳಲಿ ಅಂತ,” ಎಂದು ಆಜಿ ಬಿಡಿಸಿ ಹೇಳಿದಳು. ಅದು ಹೊಸ್ತಿಲಿಗಷ್ಟೇ ಸೇರಿದ ಮರ್ಯಾದೆ ಎಂದು ನಾನು ತಿಳಿದೆ.

ಎರಡನೆಯ ಚಳಿಗಾಲ ಘಡರೋಜ್‌ಗಳ ಕಾಟ ವಿಪರೀತವಾಯಿತು. ಆಜಿಯದೂ ಎರಡು ಬಿಘಾ, ಎಕರೆಗೆ ತುಸು ಮೇಲೆ, ಬಟಾಣಿ, ವರ್ಷದ ಊಟ ಅದರಿಂದಲೇ ನಡೆಯಬೇಕು. ಹಗಲೆಲ್ಲ ಖಾಲಿ ಡಬ್ಬ ಬಡಿದು ಬಡಿದು ಆಕೆಯ ಅಂಗೈ ಬೊಬ್ಬೆ ಎದ್ದಿತ್ತು. ಆದರೆ ಊರವರು ಯಾರೂ ಅವುಗಳನ್ನು ಕೊಲ್ಲಲು ಒಪ್ಪುತ್ತಿರಲಿಲ್ಲ. ಅವರ ಕಣ್ಣಿಗೆ ಅದೂ ಆಕಳ ಜಾತಿಯೇ. ಹೊರರಾಜ್ಯದಿಂದ ಶಿಕಾರಿಗಳು ಬರುತ್ತಿದ್ದಾರೆ, ಜಿಲ್ಲಾ ಕಚೇರಿಯ ಕಾಗದ ಅವರ ಕೈಯಲ್ಲಿದೆ ಎಂಬ ಸುದ್ದಿ ಬಂದಾಗ ಗಂಡಸರಿಗೆ ಹಬ್ಬವೇ ಆಯಿತು. ಪೂರಿ, ಖೀರು, ಹೊಸ ಹಾಸಿನ ಮಂಚ. ಪ್ರಧಾನರು ಮುಚ್ಚುಮರೆಯಿಲ್ಲದೆ ಹೇಳಿದರು: “ನಾವು ಕೊಂದ್ರ ಪಾಪ ನಮ್ಮ ಮನ್ಯಾಗ ಕೂಡತೈತಿ. ಅವರು ಕೊಂದ್ರ ಅವರ ಜೀಪಿನಾಗ ಅವರ ಊರಿಗೆ ಹೋಗತೈತಿ.” ಹೊರಗಿನವರ ಬಗ್ಗೆ ಆ ಊರಿನ ಗಂಡಸರ ಪ್ರೀತಿ ಇಷ್ಟೇ ಸರಳ. ಹೆಂಗಸರು ಮಾತ್ರ ಸುಮ್ಮನಿದ್ದರು, ಯಾರೂ ಅವರನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಶಿಕಾರಿಗಳು ಇಬ್ಬರು. ಅವರು ಬಂದ ಮಧ್ಯಾಹ್ನ ನನ್ನ ಕಾಲಿಗೆ ಮುಳ್ಳು ಚುಚ್ಚಿ, “ಅಯ್ಯಯ್ಯೋ ಯವ್ವಾ!” ಎಂದು ಕೂಗಿದೆ. ಹಿರಿಯ ಶಿಕಾರಿ ಮಂಚದಿಂದ ಎದ್ದೇಬಿಟ್ಟರು.

“ಏನಮ್ಮಾ, ಕನ್ನಡದೋರಾ ನೀವು? ಅಯ್ಯೋ ದೇವರೇ, ಹತ್ತು ದಿನ ಆಯ್ತು ಕನ್ನಡ ಕೇಳಿ!”

ಮೈಸೂರು ಕಡೆಯವರು, ಅರವತ್ತು ದಾಟಿದವರು, ಒಳ್ಳೆಯ ಮನುಷ್ಯ. ಅದನ್ನು ಮೊದಲೇ ಹೇಳಿಬಿಡಬೇಕು. ಜೀಪಿನಿಂದ ಡಬ್ಬ ತಂದು ಎರಡು ಚಕ್ಕುಲಿ ಕೊಟ್ಟರು. ಮನೆಯ ಚಕ್ಕುಲಿ, ಬೆಣ್ಣೆ ಹಾಕಿದ್ದು. ಕೇದಾರ ಘಾಟಿನಲ್ಲಿ ಇಡ್ಲಿ ದೋಸೆ ಸಿಗುತ್ತದೆ ನಿಜ, ಇಂಥ ಚಕ್ಕುಲಿ ಸಿಗುವುದಿಲ್ಲ. ಊರು, ಮಳೆ, ಕಾಫಿ ಎಂದು ಮಾತು ಹರಿಯಿತು. ಎರಡು ವರ್ಷದಿಂದ ‘ಮದ್ರಾಸಿ ಬಿಟಿಯಾ’ ಎನ್ನಿಸಿಕೊಂಡು ಸಾಕಾಗಿದ್ದ ನನಗೆ ಮೈಮೇಲೆ ಎಚ್ಚರವೇ ಇರಲಿಲ್ಲ. ಅವರು, “ಎಲ್ಲಮ್ಮಾ ಸಿಗುತ್ವೆ ಇವು? ಪ್ರಧಾನರು ಕಾಲುವೆ ಕಡೆ ಅಂತಾರೆ,” ಎಂದರು. ನಾನು ನಕ್ಷೆ ಬಿಚ್ಚಿದೆ. ಊರ ಬೆನ್ನಿಗಿದ್ದ ದೊಡ್ಡ ತೊಗರಿ ಹೊಲಕ್ಕೆ ಬೆರಳಿಟ್ಟು, “ಕಾಲುವೆ ಅಲ್ಲ ಸರ್, ಇಲ್ಲಿ. ನಸುಕಿನಲ್ಲಿ ಇಲ್ಲೇ ಇರುತ್ತವೆ,” ಎಂದೆ.

ಅಲ್ಲಿಯ ತೊಗರಿ ನಮ್ಮ ಕಡೆಯದರಂತೆ ಎದೆಮಟ್ಟದ್ದಲ್ಲ, ಆಳು ಮುಳುಗುವಷ್ಟು ಎತ್ತರ. ಒಂಬತ್ತಕ್ಕೆ ನಾನು ಹೋದಾಗ ಅದರೊಳಗೆ ಹಸಿ ಹಿಕ್ಕೆ ಸಿಗುತ್ತಿತ್ತು. ಹಾಗಾದರೆ ನಸುಕಿನಲ್ಲೇ ಬಂದಿವೆ ಎಂದು ನಾನೇ ಊಹಿಸಿ ಬರೆದುಕೊಂಡಿದ್ದೆ. ಕಣ್ಣಾರೆ ನೋಡಿರಲಿಲ್ಲ, ಆ ಹೊತ್ತಿಗೆ ನಾನು ಶಿವಾಲದಲ್ಲಿ ರಗ್ಗು ಹೊದ್ದು ಮಲಗಿರುತ್ತಿದ್ದೆ.

ಪ್ರಧಾನರು ಮರುದಿನ ಬೆಳಿಗ್ಗೆ ಏಳು ಗಂಟೆಗೆ ಬಂದು ಕಾಲುವೆ ಕಡೆ ಕರೆದೊಯ್ಯುವುದೆಂದು ಮಾತಾಗಿತ್ತು. ನಾವು ಕಾಯಲಿಲ್ಲ. ಆ ರಾತ್ರಿ ನಾನು ರಾಮನಗರದಲ್ಲಿ ಗೆಳತಿಯ ಮನೆಯಲ್ಲಿ ಉಳಿದೆ, ಬೆಳಗಾಗುವ ಮೊದಲೇ ಜೀಪು ಬಂದು ಹತ್ತಿಸಿಕೊಂಡಿತು. ಊರ ಹೊರಗೆ ಜೀಪು ನಿಲ್ಲಿಸಿ ಮೂವರೂ ಸದ್ದಿಲ್ಲದೆ ನಡೆದೆವು. ಶಿಕಾರಿಯ ಮೊದಲ ಪಾಠವೇ ಸದ್ದು ಮಾಡದಿರುವುದು. ದಟ್ಟ ಮಂಜು. ತೊಗರಿಯ ತುದಿಗಳಷ್ಟೇ ಮಸುಕಾಗಿ ಕಾಣುತ್ತಿದ್ದವು. ಒಂದೆಡೆ ತುದಿಗಳು ಅಲ್ಲಾಡಿದವು. ಕೆಳಗೆ ಕಂದು ಬಣ್ಣದ್ದೇನೋ ಸರಿದಾಡಿತು. ಹಿರಿಯರು ಬಂದೂಕನ್ನು ಭುಜಕ್ಕೇರಿಸಿದರು. ನನಗೆ ಹೆಮ್ಮೆಯಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಅದೇ. ನನ್ನ ನಕ್ಷೆ ಸರಿಯಾಗಿತ್ತಲ್ಲ ಎಂಬ ಹೆಮ್ಮೆ.

ಅಷ್ಟರಲ್ಲಿ ಬದುವಿನ ಮೇಲಿಂದ ಯಾರೋ ಕೆಮ್ಮಿದರು.

ನೋಡಿದರೆ ಆಜಿ. ಕೋಲಿನ ಮೇಲೆ ಗದ್ದ ಊರಿ, ಕಂಬಳಿ ಹೊದ್ದು ಕೂತಿದ್ದಾಳೆ. ಶಿಕಾರಿ ಸಿಟ್ಟಿನಿಂದ ತುಟಿಗೆ ಬೆರಳಿಟ್ಟು ಸುಮ್ಮನಿರೆಂದು ಸನ್ನೆ ಮಾಡಿದರು. ಆಜಿ ಎದ್ದು ನಿಂತಳು. ಇನ್ನೊಮ್ಮೆ, ಗಂಟಲು ಹರಿಯುವಂತೆ ಕೆಮ್ಮಿದಳು.

ತೊಗರಿಯೊಳಗಿಂದ ಒಂದು ಕೆಮ್ಮು ಬಂತು. ಸಣ್ಣ ದನಿ, ಹೆಣ್ಣಿನ ದನಿ. ಆಮೇಲೆ ಆ ತುದಿಯಿಂದ ಇನ್ನೊಂದು. ನಡುವಿನಿಂದ ಎರಡು. ಕಂದು ಬಣ್ಣ ಅಲ್ಲಾಡಿದ ಜಾಗದಿಂದಲೇ ಮತ್ತೊಂದು. ಮಂಜಿನೊಳಗೆ ಹೊಲಕ್ಕೆ ಹೊಲವೇ ಕೆಮ್ಮಿತು.

ಆ ಊರಿನ ಮನೆಗಳಲ್ಲಿ ಆಗ ಪಾಯಖಾನೆ ಇರಲಿಲ್ಲ. ಬೆಳಕು ಹರಿಯುವ ಮುಂಚೆ ಊರಿನ ಹೆಂಗಸರೆಲ್ಲ ಆ ತೊಗರಿಯೊಳಗೆ ಹೋಗಿ ಬರುತ್ತಿದ್ದರು. ಹಿರಿಯಳಾದ ಆಜಿ ದಿನವೂ ಬದುವಿನ ಮೇಲೆ ಕಾವಲು ಕೂರುತ್ತಿದ್ದಳು. ಆ ದಾರಿಗೆ ಬಂದ ಗಂಡಸು ಕೆಮ್ಮಬೇಕು, ಒಳಗಿದ್ದವರು ಮರುಕೆಮ್ಮಿದರೆ ಬಂದ ದಾರಿಯಲ್ಲೇ ತಿರುಗಬೇಕು. ಊರಿನ ಕಳ್ಳನಿಗೂ ಇದು ಗೊತ್ತಿತ್ತು. ಹೊರಗಿನಿಂದ ಬಂದ ಶಿಕಾರಿಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷ ಆ ಹೊಲ ಅಳೆದ ನನಗೆ ಗೊತ್ತಿರಲಿಲ್ಲ! ಹೆಂಗಸರು ಹೋದ ಮೇಲಷ್ಟೇ ಘಡರೋಜ್‌ಗಳು ಅಲ್ಲಿಗೆ ಬರುತ್ತಿದ್ದವು.

ಹಿರಿಯರು ಬಂದೂಕು ಇಳಿಸಿದರು. ಅದನ್ನು ಜೊತೆಗಿದ್ದವನ ಕೈಗೆ ಕೊಟ್ಟು ತೋಟಾ ತೆಗೆಸಿದರು. ಅವರು ಆಜಿಯ ಮುಂದೆ ಕೈ ಮುಗಿದು, “ತಪ್ಪಾಯ್ತು ತಾಯಿ, ತಪ್ಪಾಯ್ತು,” ಎಂದು ಕನ್ನಡದಲ್ಲೇ ಹೇಳಿದರು. ಆಜಿ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು, ನನ್ನ ಕೈಯಲ್ಲಿದ್ದ ನಕ್ಷೆಯನ್ನು ನೋಡಿದಳು.

ಎಂಟು ಗಂಟೆಗೆ ಬೇವಿನ ಮರದ ಕೆಳಗೆ ಪಂಚಾಯಿತಿ ಕೂತಿತು. ಶಿಕಾರಿಗಳು ತಲೆ ತಗ್ಗಿಸಿ ಕೂತಿದ್ದರು. ಆ ಹೊಲದ ಮಾತನ್ನು ಬಾಯಿಬಿಟ್ಟು ಆಡುವುದು ಗಂಡಸರಿಗೆ ನಾಚಿಕೆ, ಸುತ್ತಿ ಬಳಸಿ ಮಾತಾಡಿದರು. ಆಜಿ ಎಲ್ಲರೆದುರು ಒಡೆದು ಹೇಳಿದಳು: “ನಮ್ಮ ಹೆಣ್ಮಕ್ಕಳು ಅಲ್ಲೇ ಕೂಡತಾರ. ಎಲ್ಲರಿಗೂ ಗೊತ್ತೈತಿ, ಯಾರೂ ಅನ್ನಂಗಿಲ್ಲ. ಬಂದೂಕು ಬರಲಿ, ನಾ ಬ್ಯಾಡ ಅನ್ನಂಗಿಲ್ಲ. ಕೆಮ್ಮಿ ಗುಂಡು ಹೊಡೀಲಿ.” ಕೆಮ್ಮಿದರೆ ಘಡರೋಜ್ ನಿಲ್ಲುತ್ತದೆಯೇ ಎಂದು ಯಾರೋ ನಕ್ಕರು. “ನಿಲ್ಲಂಗಿಲ್ಲ. ಓಡಲಿ,” ಎಂದಳು ಆಜಿ. ಶಿಕಾರಿಗಳು ಮಧ್ಯಾಹ್ನವೇ ಹೊರಟುಹೋದರು.

ಅದಕ್ಕೂ ಮೊದಲು, ಪಂಚಾಯಿತಿಯಲ್ಲೇ, ಆ ಹೊಲಕ್ಕೆ ಅವರನ್ನು ಕರೆದೊಯ್ದವರು ಯಾರು ಎಂದು ಪ್ರಧಾನರು ಕೇಳಿದ್ದರು. ನಾನು ನಕ್ಷೆಯನ್ನು ಮಡಚಿ ಬೆನ್ನ ಹಿಂದೆ ಸರಿಸಿದೆ. ಹಿರಿಯ ಶಿಕಾರಿ ಬಾಯಿ ತೆರೆಯುವಷ್ಟರಲ್ಲಿ ಆಜಿಯೇ, “ಮಂಜಿನಾಗ ದಾರಿ ತಪ್ಪಿದ್ರು, ಇನ್ಯಾರು?” ಎಂದುಬಿಟ್ಟಳು. ನಿಜ ಹೇಳಿದ್ದರೆ ನಾನು ಮತ್ತೆ ಆ ಊರಿನ ಮಣ್ಣು ತುಳಿಯುವ ಹಾಗಿರಲಿಲ್ಲ, ಸಂಶೋಧನೆಯೂ ಅಲ್ಲಿಗೆ ಮುಗಿಯುತ್ತಿತ್ತು. ಆ ವರ್ಷ ಘಡರೋಜ್‌ಗಳು ಊರಿನ ಅರ್ಧ ಬಟಾಣಿ ತಿಂದವು, ಆಜಿಯದನ್ನು ಪೂರ್ತಿ. ಶಿಕಾರಿಗಳನ್ನು ಓಡಿಸಿದ ಮುದುಕಿ ಎಂದು ಗಂಡಸರು ಸುಗ್ಗಿಯವರೆಗೂ ಆಕೆಯನ್ನು ಹಂಗಿಸಿದರು. ಒಂದು ಮಾತು ಆಡಿದ್ದರೆ ಬೈಗುಳವೆಲ್ಲ ನನ್ನ ಕಡೆ ತಿರುಗುತ್ತಿತ್ತು, ಆಕೆ ಆಡಲಿಲ್ಲ. ನನಗೂ ಒಂದೇ ಒಂದು ಸಲ, ಲಿಟ್ಟಿ ಮುರಿಯುತ್ತ, ಮೆಲ್ಲಗೆ ಹೇಳಿದಳು.

“ಘಡರೋಜಿನ ಹಿಕ್ಕಿ ಎಲ್ಲಿ ಬೀಳತೈತಿ ಅಂತ ಎರಡು ವರ್ಷ ಬರಕೊಂಡಿ. ನಾವು ಎಲ್ಲಿ ಹೋಗತೀವಿ ಅಂತ ಒಂದಿನ ಕೇಳಲಿಲ್ಲಲ್ಲ ಬಿಟಿಯಾ.”

ಅಳು ಬಂತು. “ಅಳಬ್ಯಾಡ. ಉಣ್ಣು,” ಎಂದಳು.

ಅಂದಿನಿಂದ ನಾನು ವಾರಕ್ಕೆರಡು ಸಲ ಆಜಿಯ ಮನೆಯಲ್ಲೇ ಮಲಗಿ, ನಸುಕಿಗೆ ಹೆಂಗಸರ ಜೊತೆಗೇ ಎದ್ದು ಹೊರಡತೊಡಗಿದೆ. ಯಾವ ಹಿಂಡು ಯಾವಾಗ ಬರುತ್ತದೆ, ಯಾವುದಕ್ಕೆ ಹೆದರುತ್ತದೆ, ಅವರಿಗೆ ಎಲ್ಲವೂ ಗೊತ್ತಿತ್ತು. ಕೇಳಿದವರಿರಲಿಲ್ಲ ಅಷ್ಟೇ. ನನ್ನ ಪ್ರಬಂಧದಲ್ಲಿ ಒಳ್ಳೆಯದು ಅಂತ ಏನಾದರೂ ಇದ್ದರೆ ಅದು ಅವರು ಹೇಳಿಕೊಟ್ಟದ್ದು. ಮೂರು ವರ್ಷದ ಮೇಲೆ ಕೆಲಸ ಮುಗಿಸಿ ಧಾರವಾಡಕ್ಕೆ ಮರಳಿದೆ.

ಆಜಿ ಹೋದ ಸುದ್ದಿ ನನಗೆ ತಲುಪಿದ್ದು ತಡವಾಗಿ. ಮುಂದಿನ ಚಳಿಗಾಲ ಹೋದೆ. ಸೊಸೆಯೊಬ್ಬಳೇ ಮನೆಯಲ್ಲಿದ್ದಳು. ಅತ್ತೆಯ ಕೊನೆಯ ದಿನಗಳನ್ನು ಹೇಳುತ್ತ ಹೇಳುತ್ತ ಒಲೆ ಹಚ್ಚಿದಳು. ಎಷ್ಟೋ ವರ್ಷ ಎದೆಯಲ್ಲಿಟ್ಟುಕೊಂಡಿದ್ದನ್ನು ಅಲ್ಲೇ ಆಕೆಯ ಮುಂದೆ ಹೇಳಿಬಿಟ್ಟೆ: ಅವತ್ತು ದಾರಿ ತಪ್ಪಿದ್ದಲ್ಲ, ಶಿಕಾರಿಗಳಿಗೆ ಆ ಹೊಲ ತೋರಿಸಿದವಳು ನಾನು.

ಆಕೆ ಕೆಂಡ ಕೆದಕುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿತ್ತಲ್ಲ ದೀದಿ. ನಾ ಒಳಗೇ ಇದ್ದೆ, ಏಳು ತಿಂಗಳ ಬಸುರಿ. ನಿಮ್ಮನ್ನ ಅವರ ಜೋಡಿ ನೋಡಿದ್ವಿ. ಅವತ್ತ ಅತ್ತಿ ನಮ್ಮನ್ನೆಲ್ಲ ಕೂಡಿಸಿ ಹೇಳಿದ್ರು, ಹುಡುಗಿ ದೂರದ್ದು, ಇಲ್ಲಿ ಅದಕ್ಕ ಅವ್ವ ಇಲ್ಲ, ಗೊತ್ತಿಲ್ಲದ ಮಾಡೈತಿ. ಯಾರೂ ಅದರ ಮುಂದ ಬಾಯಿ ಬಿಡಬ್ಯಾಡ್ರಿ, ನಾಚಿ ಓಡಿ ಹೋದೀತು ಅಂತ.”

ಲಿಟ್ಟಿ ಬೂದಿ ಕೊಡವಿ, ಮುರಿದು ನನ್ನ ತಾಟಿಗೆ ಹಾಕಿದಳು. ಆ ಬೆಳಗಿನಿಂದ ಮೂರು ವರ್ಷ ಆ ಹೆಂಗಸರ ಮನೆಗಳಲ್ಲಿ ನಾನು ಉಂಡ ಒಂದೊಂದು ತುತ್ತನ್ನೂ ಅವರು ಗೊತ್ತಿದ್ದೂ ಬಡಿಸಿದ್ದರು.