ಬನ್ನಿ ಇದ್ದಲ್ಲಿ ಒಂಟೆ

ಒಂದು ನೆಲದ ಸ್ವಭಾವವನ್ನು ಅರಿಯಲು ತಾಳ್ಮೆ, ವಿನಯ, ದೀರ್ಘಕಾಲದ ಸಹವಾಸ ಬೇಕು. ಅಷ್ಟು ಪುರಸೊತ್ತಿಲ್ಲದವರಿಗೆ ಒಂದು ಒಂಟೆ ಸಾಕು. ಮೊನ್ನೆ ಹಲ್ಲಿನ ಡಾಕ್ಟರ ಗೋಡೆಯ ಮೇಲೆ ಮರಳುದಿಬ್ಬ, ಕೆಂಪು ಸೂರ್ಯ, ಒಂಟೆ ಇರುವ ಚಿತ್ರವೊಂದು ಕಂಡಿತು. ಅವರು ಬಾಯಿ ತೆರೆಯಿರಿ ಎನ್ನುತ್ತಿದ್ದರು; ನಾನು ಹಲ್ಲು ಕಡಿಯುತ್ತಿದ್ದೆ. ನನಗೆ ವಯಸ್ಸಾಗಿದೆ, ಆ ಸಿಟ್ಟಿಗೆ ಆಗಿಲ್ಲ ನೋಡಿ.

ಎಂಬತ್ತರ ದಶಕದ ಕೊನೆಗೆ ನಾನು ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಬ್ಯಾಂಕ್ ಅಧಿಕಾರಿ. ಎಲ್‌ಟಿಸಿ ಎಂಬ ರಜಾಪ್ರವಾಸದ ಭತ್ಯೆ ಸಿಕ್ಕಿತೆಂದರೆ ನಮ್ಮವರು ಕಾಶಿ, ಕಾಶ್ಮೀರ ಎಂದು ಹೊರಡುತ್ತಿದ್ದರು. ಧಾರವಾಡದವಳಾದ ನನ್ನ ಹೆಂಡತಿ ಶಾಂತಾ ಜೈಸಲ್ಮೇರಿನ ಆಚೆಯ ಮರುಭೂಮಿ ವನ್ಯಧಾಮವೇ ಆಗಬೇಕೆಂದಳು. ಅಲ್ಲಿ ನಾನು ನೆರಳು ಹುಡುಕಿ ಕೂತೆ. ಅವಳು ತಮ್ಮನ ಕ್ಯಾಮೆರಾ ಹಿಡಿದು ಬೆಳಗೆಲ್ಲ ಅಲೆದು ಒಂದು ಚಿತ್ರ ತೆಗೆದಳು: ಒಣಹುಲ್ಲು, ಕಲ್ಲುನೆಲ, ಗಾಳಿಗೆ ಬಾಗಿದ ಒಂದು ಬನ್ನಿ ಮರ. ನಮ್ಮ ದಸರೆಯ ಬನ್ನಿಯೇ.

ಬ್ಯಾಂಕಿನ ಕ್ಯಾಲೆಂಡರಿಗೆ ಸಿಬ್ಬಂದಿಯ ಮನೆಯವರಿಂದ ಚಿತ್ರ ಕೇಳಿದ್ದರು. ಅವಳದು ಮೇ ತಿಂಗಳಿಗೆ ಆಯ್ಕೆಯಾಯಿತು. ಕೆಳಗೆ ಹೆಸರು ಹಾಕುತ್ತಾರಂತೆ. ಮದುವೆಯಾದಂದಿನಿಂದ ನನ್ನ ಹೆಸರಿಗೆ ಅಂಟಿದ ‘ಮಿಸೆಸ್’ ಆಗಿಯೇ ಇದ್ದವಳು. “ಶಾಂತಾ ಅಂತ ಅಷ್ಟ ಹಾಕಸ್ರಿ” ಎಂದಳು.

ಕರಡು ನೋಡಲು, ಕ್ಯಾಲೆಂಡರು ಅಚ್ಚಾಗುತ್ತಿದ್ದ ವಿಜಯವಾಡಕ್ಕೆ ಹೋದೆವು. ಕ್ಯಾಲೆಂಡರಿನ ಹೊಣೆ ಹೊತ್ತಿದ್ದ ರಾವ್ ಗಾರು ಅದೇ ಊರಿನ ಪಟಮಟದವರು, ತಾಯಿಯ ಕಡೆಯಿಂದ ಅರ್ಧ ಕನ್ನಡಿಗರು. ಕಾಫಿ ಕೊಟ್ಟು, ಹೆಮ್ಮೆಯಿಂದ ಹಾಳೆ ಬಿಡಿಸಿದರು. ಹುಲ್ಲಿನ ಮೇಲೆ ಹಳದಿ ಬಳಿದು ಮರಳು ಮಾಡಿದ್ದರು. ಬನ್ನಿ ಇದ್ದಲ್ಲಿ ಒಂಟೆ ನಿಂತಿತ್ತು. ಅದರ ನೆರಳು ಸೂರ್ಯನ ಕಡೆಗೇ ಬಿದ್ದಿತ್ತು.

“ಏನ್ರೀ ರಾವ್ ಗಾರೂ ಇದು?” ಎಂದೆ.

“ನಮ್ಮ ಆರ್ಟಿಸ್ಟ್ ಕೈಚಳಕ ಸಾರ್. ಮರುಭೂಮಿ ಅಂತ ಜನಕ್ಕೆ ತಿಳೀಬೇಕು ಕದಾ? ಮೊದಲು ಅನಂತಪುರದ ಹೊಲದ ಹಾಗೆ ಇತ್ತಂಡಿ.”

“ಅಲ್ಲಿ ಉಸುಕು ಕಡಿಮಿ ರೀ,” ಎಂದಳು ಶಾಂತಾ. “ಹುಲ್ಲು ಐತಿ, ಅದರಾಗ ಹಕ್ಕಿ ತತ್ತಿ ಇಡತಾವ. ಆ ಹುಲ್ಲಿನ ಸಲುವಾಗೇ ಅದನ್ನ ಕಾದಿಟ್ಟಾರ. ನೀವು ಅದನ್ನ ಅಳಿಸಿಬಿಟ್ಟೀರಿ.”

“ಒಂಟೆ ಚೆನ್ನಾಗಿದೆ ಅಲ್ವಾ ಅಮ್ಮಾ? ಜಿ.ಎಂ. ಗಾರಿಗೂ ಹಿಡಿಸ್ತು.”

“ಹಂಗಾರ ಕೆಳಗ ಒಂಟೀ ಹೆಸರ ಹಾಕ್ರಿ. ನಂದು ತಗೀರಿ.”

ಇಲ್ಲದ ಠೇವಣಿ ತೋರಿಸಿದರೆ ನನ್ನನ್ನು ಮನೆಗೆ ಕಳಿಸುವ ಸಂಸ್ಥೆ, ಇಲ್ಲದ ಒಂಟೆಯನ್ನು ಮನೆಮನೆಗೆ ಹಂಚಲು ಹೊರಟಿತ್ತು. ಹಾಗೆಂದು ಗಟ್ಟಿಯಾಗಿಯೇ ಹೇಳಿದೆ. ಅವಳು ತೆಗೆದದ್ದನ್ನು ಅಚ್ಚು ಮಾಡಿ, ಇಲ್ಲವೇ ಕೈಬಿಡಿ ಎಂದೆ. ರಾವ್ ಗಾರು ಬಹಳ ವಿನಯದಿಂದ, “ಅಡ್ಜಸ್ಟ್ ಮಾಡೋಣಂಡಿ” ಎಂದು ನಮ್ಮನ್ನು ಬಾಗಿಲವರೆಗೆ ಬಂದು ಕಳಿಸಿಕೊಟ್ಟರು.

ಹೊಸ ವರ್ಷಕ್ಕೆ ಕ್ಯಾಲೆಂಡರು ಬಂತು. ಶಾಂತಾಳ ಹೆಸರು ತೆಗೆದಿದ್ದರು, ಚಿತ್ರ ಬದಲಾಗಿರಲಿಲ್ಲ.