ಮೊಳೆಗೆ ನಿಲ್ಲದ ಚೀಲಗಳು

ನಮ್ಮ ಯಜಮಾನರನ್ನು ಚನ್ನಗಿರಿಯಲ್ಲಿ ಇವತ್ತಿಗೂ ಕೆಲವರು ಡಾಕ್ಟ್ರೇ ಎಂದು ಕರೆಯುತ್ತಾರೆ. ಅವರು ಡಾಕ್ಟರ್ ಅಲ್ಲ. ಆಗಬೇಕಿತ್ತು, ಅದಕ್ಕಾಗಿ ನಾನೂ ಅವರ ಜೊತೆ ವರ್ಷಗಟ್ಟಲೆ ಒದ್ದಾಡಿದೆ, ಕಡೆಗೆ ಆಗಲಿಲ್ಲ. ಯಾರಾದರೂ ಹಾಗೆ ಕರೆದರೆ ಅವರು ನಕ್ಕು ಸುಮ್ಮನಾಗುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆ ಆಗಲಿಲ್ಲ ಎನ್ನುವುದನ್ನು ಒಬ್ಬರಾದರೂ ಸರಿಯಾಗಿ ಹೇಳಬೇಕು. ಅವರಂತೂ ಹೇಳುವ ಪೈಕಿ ಅಲ್ಲ.

ಹೆಸರು ಕೊಟ್ರಬಸಪ್ಪ. ಚನ್ನಗಿರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಎಪ್ಪತ್ತೆರಡರಲ್ಲಿ ಬಸವಾಪಟ್ಟಣಕ್ಕೆ ನನ್ನನ್ನು ನೋಡಲು ಬಂದಿದ್ದರು. ಹುಡುಗಿಗೆ ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದು ಅವರ ಕಡೆಯವರು ಕೇಳುತ್ತಿದ್ದರೆ ಇವರು ನಮ್ಮ ನಡುಮನೆಯ ನೆಲವನ್ನು ಬೆರಳಲ್ಲಿ ಸವರುತ್ತಾ, ಈ ಕಲ್ಲು ಯಾವ ಊರಿನದು ಎಂದು ನಮ್ಮಪ್ಪನನ್ನು ಕೇಳಿದರು. ನಮ್ಮಪ್ಪ ಕಲ್ಲೇಶಪ್ಪನವರು ಅಡಿಕೆ ವ್ಯಾಪಾರಸ್ಥರು. ಗಂಡು ಮೇಷ್ಟ್ರೋ ಕಲ್ಲಿನ ಕಂಟ್ರಾಕ್ಟರೋ ಎಂದು ಅವರಿಗೆ ಅನುಮಾನ ಬಂತು. ನಾನು ಒಳಗೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಅವತ್ತು ನಕ್ಕಿದ್ದಕ್ಕೆ ಆಮೇಲೆ ಬಡ್ಡಿ ಸಮೇತ ಕಟ್ಟಿದ್ದೇನೆ.

ಅವರ ತಲೆಯಲ್ಲಿ ಇದ್ದದ್ದು ಒಂದೇ ಹುಳ. ಕಲ್ಲು, ಮಣ್ಣು, ಇಟ್ಟಿಗೆ ಎಲ್ಲದರಿಂದಲೂ ಕಣ್ಣಿಗೆ ಕಾಣದ ಕಿರಣ ಸ್ವಲ್ಪಸ್ವಲ್ಪ ಹೊರಡುತ್ತಲೇ ಇರುತ್ತದಂತೆ. ಅಣು ವಿಜ್ಞಾನ ಎಂದರೆ ಬಾಂಬು ಎಂದು ನಾವೆಲ್ಲ ತಿಳಿದಿದ್ದರೆ, ಇವರು ನಮ್ಮ ಹಿತ್ತಲ ಗೋಡೆಯನ್ನು ತೋರಿಸಿ ಇದೂ ಅದೇ ಎನ್ನುತ್ತಿದ್ದರು. ಉಬ್ರಾಣಿಯ ಕಲ್ಲುಮನೆಯಲ್ಲಿ ಅದು ಎಷ್ಟು, ಹೊನ್ನಾಳಿಯ ಹೊಳೆದಂಡೆಯ ಇಟ್ಟಿಗೆ ಮನೆಯಲ್ಲಿ ಎಷ್ಟು, ನ್ಯಾಮತಿಯಲ್ಲಿ ಎಷ್ಟು, ಜಗಳೂರು ಕಡೆಯ ಒಣ ನೆಲದಲ್ಲಿ ಎಷ್ಟು ಎಂದು ಅಳೆದು ಪಿಎಚ್‌ಡಿ ಮಾಡುತ್ತೇನೆಂದು ಎಪ್ಪತ್ತೆಂಟರಲ್ಲಿ ವಿಶ್ವವಿದ್ಯಾಲಯದಲ್ಲಿ ಹೆಸರು ಬರೆಸಿದರು. ಆರು ವರ್ಷದೊಳಗೆ ಪ್ರಬಂಧ ಒಪ್ಪಿಸಬೇಕು, ತಪ್ಪಿದರೆ ಹೆಸರು ಹೊಡೆದುಹಾಕುತ್ತಾರೆ. ಒಪ್ಪಿಸಿದರೆ ವಿಶ್ವವಿದ್ಯಾಲಯದಲ್ಲೇ ಕೆಲಸ ಸಿಗುವ ಹಾಗಿತ್ತು, ಸ್ವಂತದ್ದೊಂದು ಪ್ರಯೋಗಶಾಲೆ ಸಿಗುವ ಹಾಗಿತ್ತು. ಆ ಪ್ರಯೋಗಶಾಲೆಯ ವಿಷಯವನ್ನು ಊಟಕ್ಕೆ ಕೂತಾಗೆಲ್ಲ ಹೇಳಿ ಹೇಳಿ, ಅದರ ಕಿಟಕಿ ಯಾವ ದಿಕ್ಕಿಗೆ ಇರಬೇಕು ಎನ್ನುವುದು ನನಗೂ ಬಾಯಿಪಾಠವಾಗಿತ್ತು.

ಅಳೆಯುವುದಕ್ಕೆ ಒಂದು ಬಿಳಿ ಪುಡಿ. ನೋಡಲು ಸೀಮೆಸುಣ್ಣದ ಪುಡಿಯ ಹಾಗೆ. ಅದಕ್ಕೆ ಇನ್ನೊಂದು ಧಾತುವನ್ನು ಚಿಟಿಕೆಗಿಂತಲೂ ಕಡಿಮೆ ಬೆರೆಸಬೇಕು. ಹಾಗೆ ಬೆರೆಸಿದ ಪುಡಿ ತನ್ನ ಮೇಲೆ ಬಿದ್ದ ಕಿರಣವನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಚೆನ್ನಾಗಿ ಕಾಯಿಸಿದರೆ ಬೆಳಕಾಗಿ ಬಿಟ್ಟುಕೊಡುತ್ತದೆ. ಆ ಬೆಳಕನ್ನು ಯಂತ್ರದಲ್ಲಿ ಅಳೆದರೆ ಲೆಕ್ಕ ಸಿಕ್ಕಿತು. ಹೇಳುವುದಕ್ಕೇನು, ಸಲೀಸು. ಪುಡಿಯನ್ನು ಆಸಿಡ್ಡಿನಲ್ಲಿ ಕರಗಿಸಿ ಇಂಗಿಸುವಾಗ ಎದ್ದ ಹೊಗೆ ಕಾಲೇಜಿನ ಕಿಟಕಿಯ ಪರದೆಗಳನ್ನೆಲ್ಲ ತಿಂದುಹಾಕಿತು, ಪ್ರಿನ್ಸಿಪಾಲರು ಇವರನ್ನು ನಿಲ್ಲಿಸಿ ಬೈದರು. ಕರೆಂಟಿನ ಕುಲುಮೆ ಕೆಂಪಗಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಕಡೆಗೆ ಪೇಟೆಯ ಅಕ್ಕಸಾಲಿಗರ ಕಾಲು ಹಿಡಿದು ಅವರ ಕುಲುಮೆಯಲ್ಲಿ ಕಾಯಿಸಿ ತಂದರು. ಬೆಳಕು ಅಳೆಯುವ ಯಂತ್ರವಂತೂ ಇದ್ದದ್ದೇ ವಿಶ್ವವಿದ್ಯಾಲಯದಲ್ಲಿ. ಅಷ್ಟು ದೂರ ಬಸ್ಸಿನಲ್ಲಿ ನಿಂತುಕೊಂಡು ಹೋದರೆ ಒಮ್ಮೆ ಯಂತ್ರ ಕೆಟ್ಟಿದೆ, ಇನ್ನೊಮ್ಮೆ ಗೈಡು ಊರಲ್ಲಿಲ್ಲ, ಮತ್ತೊಮ್ಮೆ ಬೀಗದ ಕೈ ಇಟ್ಟುಕೊಂಡವನು ಮದುವೆಗೆ ಹೋಗಿದ್ದಾನೆ. ಬಂದ ದಾರಿಗೆ ಸುಂಕವಿಲ್ಲ ಎಂದು ಬರಿಗೈಯಲ್ಲಿ ಬಂದು ಚಪ್ಪಲಿ ಬಿಡುತ್ತಿದ್ದರು.

ಆ ಪುಡಿಯ ಮೇಲೆ ಬೆಳಕು ಬೀಳಬಾರದು. ಅದಕ್ಕೇ ಸಣ್ಣ ಕೊಳವೆಯಲ್ಲಿ ತುಂಬಿ ಕರಿಬಟ್ಟೆಯ ಚೀಲದಲ್ಲಿ ಹಾಕಿ, ಮನೆಮನೆಯ ಗೋಡೆಗೆ ಮೂರು ತಿಂಗಳು ನೇತುಹಾಕಬೇಕು. ಹರಿದ ಛತ್ರಿಗಳ ಬಟ್ಟೆ ಬಿಚ್ಚಿ ಆ ಚೀಲಗಳನ್ನು ಹೊಲಿದವಳು ನಾನು. ಹೆಬ್ಬೆರಳಿನಷ್ಟು ಚೀಲ, ಮೇಲೆ ಒಂದು ಕರಿದಾರ. ಮೊದಲನೆಯದನ್ನು ಹೊಲಿದು ಎತ್ತಿಹಿಡಿದ ದಿನವೇ ಹೇಳಿದೆ.

“ರೀ, ಇದನ್ನ ಕಂಡೋರು ತಾಯ್ತ ಅಂತಾರೆ ನೋಡ್ರಿ.”

ಅವರು ನಕ್ಕರು. ವಿಜ್ಞಾನದ ವಿಷಯ ಅಂತ ಬಿಡಿಸಿ ಹೇಳಿಕೊಟ್ಟರೆ ಜನರಿಗೆ ಅರ್ಥವಾಗುತ್ತದೆ, ನಿನಗೆ ನಮ್ಮ ಜನರ ಮೇಲೆ ನಂಬಿಕೆಯಿಲ್ಲ ಎಂದು ನನಗೇ ಬುದ್ಧಿ ಹೇಳಿದರು. ಅವರು ಬಿಡಿಸಿ ಹೇಳುವ ಚೆಂದವನ್ನು ನಾನು ಜೊತೆಗೆ ಹೋದಾಗ ಕಣ್ಣಾರೆ ಕಂಡೆ. ಮನೆಯೊಳಗೆ ಕಣ್ಣಿಗೆ ಕಾಣದ್ದೊಂದು ಇರುತ್ತೆ, ಇದು ಅದನ್ನು ಹಿಡಿದಿಟ್ಟುಕೊಳ್ಳುತ್ತೆ, ಬಿಚ್ಚಬೇಡಿ, ನೀರು ಸೋಕಿಸಬೇಡಿ, ಮೊಳೆಯಿಂದ ತೆಗೆಯಬೇಡಿ ಎಂದು ಕೈಮುಗಿದು ಹೇಳುತ್ತಿದ್ದರು. ಜನರೂ ಎದ್ದುನಿಂತು ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರು. ನೋಡಿದೆಯಾ ಎಷ್ಟು ಗೌರವ ಎಂದು ಬಸ್ಸಿನಲ್ಲಿ ನನ್ನನ್ನು ತಿವಿದರು. ನಾನು ಹಣೆ ಚಚ್ಚಿಕೊಂಡೆ.

ವರ್ಷಗಳು ಉರುಳಿದವು. ಅಳೆದದ್ದೆಲ್ಲ ಎಲ್ಲ ಊರಿನಲ್ಲಿ ಬರುವಂಥದ್ದೇ. ಗೈಡು ಇದರಲ್ಲಿ ಹೊಸದೇನಿದೆ ಎಂದು ಮುಖ ಸಿಂಡರಿಸುತ್ತಿದ್ದರು. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಕಾಲೇಜಿನಲ್ಲಿ ಜೊತೆಯ ಮೇಷ್ಟ್ರುಗಳು ಆಡಿಕೊಳ್ಳುತ್ತಿದ್ದರು. ಇವರಿಗೆ ಊಟ ಸೇರದಾಯಿತು. ಗಡುವಿಗೆ ಒಂದು ವರ್ಷವೂ ಉಳಿದಿರಲಿಲ್ಲ.

ಆಗ ಬಂತು ಸೊಕ್ಕೆಯ ಚೀಲ. ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಲಕ್ಷ್ಮಕ್ಕ ಎಂಬಾಕೆಯ ಮನೆಯ ಚೀಲದ ಪುಡಿ ಉಳಿದವುಗಳಿಗಿಂತ ಎಷ್ಟೋ ಪಟ್ಟು ಬೆಳಕು ಬಿಟ್ಟಿತಂತೆ. ಯಂತ್ರ ಕೆಟ್ಟಿದೆಯೆಂದು ತಿಳಿದು ಬೇರೆ ಪುಡಿ ಹಾಕಿ ನೋಡಿದರೂ ಯಂತ್ರ ಸರಿಯಾಗೇ ಇತ್ತು. ಗೈಡು ಮೊದಲ ಸಲ ಕುರ್ಚಿಯಿಂದ ಎದ್ದು ಇವರ ಬೆನ್ನು ತಟ್ಟಿದರು. ಆ ನೆಲದಡಿ ಏನೋ ಇದೆ, ಬೇಗ ಬರೆದು ಒಪ್ಪಿಸು, ಹೊರದೇಶದ ಪತ್ರಿಕೆಗೂ ಕಳಿಸೋಣ ಎಂದರು. ಇವರು ಮನೆಗೆ ಬಂದು ಹೊಸ್ತಿಲು ದಾಟುವ ಮುಂಚೆಯೇ ಹೇಳಲು ಶುರುಮಾಡಿದರು. ಅವತ್ತು ಮೂರು ರೊಟ್ಟಿ ಹೆಚ್ಚಿಗೆ ತಿಂದರು. ನನಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂತೆಯಲ್ಲಿ ಸಿಕ್ಕವರಿಗೆಲ್ಲ ನಮ್ಮೋರು ಡಾಕ್ಟರಾದರು ಎಂದು ಹೇಳಿಕೊಂಡು ಬಂದೆ. ಡಾಕ್ಟ್ರೇ ಎನ್ನುವ ಹೆಸರು ಅಂಟಿಕೊಂಡದ್ದು ಆವಾಗಲೇ.

ಬರೆಯುವ ಮುಂಚೆ ಆ ಮನೆಯ ಗೋಡೆಯ ಕಲ್ಲು, ಅಂಗಳದ ಮಣ್ಣು ತರಬೇಕೆಂದು ಸೊಕ್ಕೆಗೆ ಹೊರಟರು. ನಾನೂ ಹೊರಟೆ. ಆ ಚೀಲ ಈಸಿಕೊಂಡು ಹೊಸದು ಕೊಟ್ಟು ಆಗಿನ್ನೂ ಒಂದೂವರೆ ತಿಂಗಳು. ನಾವು ಬರುತ್ತೇವೆಂದು ಲಕ್ಷ್ಮಕ್ಕನಿಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ನೋಡಿದರೆ ಗೋಡೆಯಲ್ಲಿ ಬರೀ ಮೊಳೆ. ಲಕ್ಷ್ಮಕ್ಕ ಮಜ್ಜಿಗೆ ತರುತ್ತೇನೆಂದು ತಡವರಿಸಿದಳು. ಅಷ್ಟರಲ್ಲಿ ಅವಳ ಮಗಳು ಹುಲಿಗೆಮ್ಮ ನೀರಿನ ಕೊಡ ಹೊತ್ತು ಬಂದಳು. ಕೊರಳಲ್ಲಿ ನಾನು ಹೊಲಿದ ಚೀಲ. ಅರಿಶಿನ ಹಚ್ಚಿದ್ದರು.

ಬೈಯುತ್ತಾರೇನೋ ಎಂದು ಹೆದರಿದ್ದ ಲಕ್ಷ್ಮಕ್ಕ, ಇವರು ಮೊಳೆಯನ್ನೊಮ್ಮೆ ಹುಡುಗಿಯ ಕೊರಳನ್ನೊಮ್ಮೆ ನೋಡುತ್ತಾ ನಿಂತದ್ದು ಕಂಡು ತಾನೇ ಹೇಳತೊಡಗಿದಳು. ಮಗಳಿಗೆ ಕೆಮ್ಮು, ಜ್ವರ, ಬಾಯಲ್ಲಿ ರಕ್ತ. ದೇವರಿಗೆ ಹರಕೆ ಹೊತ್ತರೂ ಇಳಿಯಲಿಲ್ಲ. ಕಣ್ಣಿಗೆ ಕಾಣದ್ದನ್ನು ಹಿಡಿಯುತ್ತದೆಂದು ಮೇಷ್ಟ್ರೇ ಹೇಳಿದ್ದರಲ್ಲ, ಅದಕ್ಕೆ ಹೋದ ಸಲದ ಚೀಲವನ್ನೇ ಕೊರಳಿಗೆ ಕಟ್ಟಿದಳು. ಆಮೇಲೆ ದಾವಣಗೆರೆಯ ಆಸ್ಪತ್ರೆಗೆ ಹೋದರು, ಅಲ್ಲಿ ಕ್ಷಯ ಎಂದು ಮಾತ್ರೆ ಕೊಟ್ಟರು, ಈಗ ಹುಡುಗಿ ಕೊಡ ಹೊರುವಷ್ಟಾಗಿದ್ದಾಳೆ. ನೀವು ಬರೋ ಹೊತ್ತಿಗೆ ಮೊಳೆಗೆ ಹಾಕ್ತಿದ್ದೆ, ತಪ್ಪು ತಿಳೀಬ್ಯಾಡ್ರಿ ಎಂದಳು.

ಆಸ್ಪತ್ರೆಯಲ್ಲಿ ಫೋಟೋ ತೆಗೆದರಾ ಎಂದು ಇವರು ಕೇಳಿದರು. 

“ತೆಗೆದ್ರು ರೀ, ನಾಕೈದು ಸಲ. ಕತ್ಲೆ ಕ್ವಾಣೆಯಾಗೆ ನಿಲ್ಸಿನೂ ನೋಡಿದ್ರು. ಕೊರಳಾಗಿಂದು ಬಿಚ್ಚು ಅಂದ್ರು, ನಾನು ಬಿಚ್ಚಾಕೆ ಬಿಡ್ಲಿಲ್ಲ. ಕುಪ್ಪಸದಾಗೆ ತೂರಿಸಿದ್ದೆ.”

ಅಲ್ಲಿಗೆ ಮುಗಿಯಿತು. ಪುಡಿ ಹಿಡಿದಿಟ್ಟುಕೊಂಡದ್ದು ಸೊಕ್ಕೆಯ ಕಲ್ಲನ್ನಲ್ಲ, ಎಕ್ಸರೇ ಯಂತ್ರವನ್ನು. ಇವರು ಹುಲಿಗೆಮ್ಮನ ಕೊರಳಿನಿಂದ ಚೀಲ ಬಿಚ್ಚಿಸಿಕೊಂಡರು. ಇದು ತಾಯ್ತ ಅಲ್ಲ, ಬರೀ ಪುಡಿ, ಇದಕ್ಕೆ ಯಾವ ಶಕ್ತಿಯೂ ಇಲ್ಲ, ವಾಸಿ ಮಾಡುತ್ತಿರುವುದು ಮಾತ್ರೆ ಎಂದು ತಾಯಿ ಮಗಳನ್ನು ಕೂರಿಸಿಕೊಂಡು ತಿಳಿಹೇಳಿದರು. ಅವರು ತಲೆಯಾಡಿಸಿದರು. ಲಕ್ಷ್ಮಕ್ಕನ ಮುಖ ಮಾತ್ರ ಬಾಡಿಹೋಗಿತ್ತು.

ದಾರಿಯಲ್ಲಿ ನಾನು ಹೇಳಿದೆ, ಹೋಗಲಿ, ಆ ಒಂದು ಬಿಟ್ಟುಬಿಡಿ, ಉಳಿದದ್ದು ಬರೆದು ಒಪ್ಪಿಸಿ. ಉಳಿದದ್ದು ಮೊಳೆಯಲ್ಲೇ ಇತ್ತು ಅಂತ ನಿನಗೆ ಹೇಗೆ ಗೊತ್ತು ಎಂದರು. ಮಾರನೆಯ ವಾರದಿಂದ ಕಾಲೇಜಿಗೆ ರಜ ಹಾಕಿ ಒಂದೊಂದೇ ಮನೆಗೆ ಹೇಳದೆ ಕೇಳದೆ ಹೋದರು. ನ್ಯಾಮತಿಯ ಹಾಲೇಶಪ್ಪ ಕರೆಯುವ ಎಮ್ಮೆಯ ಕೊಂಬಿಗೆ ಕಟ್ಟಿದ್ದ. ಉಬ್ರಾಣಿಯ ಸಾವಂತ್ರಮ್ಮ ಮೊಮ್ಮಗನ ತೊಟ್ಟಿಲಿಗೆ ಕಟ್ಟಿ, ಅಮಾವಾಸ್ಯೆಗೊಮ್ಮೆ ಕೆಂಡದ ಮೇಲೆ ಹಿಡಿದು ಲೋಬಾನದ ಹೊಗೆ ಕೊಡುತ್ತಿದ್ದಳು. ಹೊನ್ನಾಳಿಯಲ್ಲಿ ಒಬ್ಬರು ಕಬ್ಬಿಣದ ತಿಜೋರಿಯಲ್ಲಿಟ್ಟು ಭದ್ರ ಮಾಡಿದ್ದರು. ಮತ್ತೊಬ್ಬರ ಮಗ ಲಾರಿಗೆ ಕಟ್ಟಿಕೊಂಡು ಮಂಗಳೂರು ಸುತ್ತಿಬಂದಿದ್ದ. ಯಾರೂ ಬಿಸಾಡಿರಲಿಲ್ಲ, ಯಾರೂ ಬಿಚ್ಚಿರಲಿಲ್ಲ. ಇವರು ಬರುವ ದಿನಕ್ಕೆ ಸರಿಯಾಗಿ ಒರೆಸಿ ಮೊಳೆಗೆ ಹಾಕುತ್ತಿದ್ದರು. ಗೋಡೆಯಲ್ಲೇ ಇತ್ತು ಎಂದವರ ಮನೆಯದನ್ನೂ ನಂಬುವ ಹಾಗಿರಲಿಲ್ಲ. ಮರ್ಯಾದೆ ಹೆಚ್ಚಾಗಿ ಕೆಟ್ಟುಹೋದ ಸಂಶೋಧನೆ ಇದೊಂದೇ ಇರಬೇಕು.

ಗೈಡು ಕೇಳಿ ಸಿಡಿದರಂತೆ. ಯಾರ ಮನೆಯಲ್ಲಿ ಏನು ಮಾಡಿದರು ಎಂದು ಪರೀಕ್ಷಕರು ಸೊಕ್ಕೆಗೆ ಹೋಗಿ ಕೇಳುತ್ತಾರಾ, ಬರೆದು ಕೊಡಯ್ಯ ಎಂದರಂತೆ. ನಾನೂ ಅದನ್ನೇ ಹೇಳಿದೆ. ಮೊದಲು ನಯವಾಗಿ ಹೇಳಿದೆ, ಆಮೇಲೆ ಅತ್ತು ಹೇಳಿದೆ, ಆಮೇಲೆ ಪಾತ್ರೆ ಎತ್ತಿ ಕುಕ್ಕಿ ಹೇಳಿದೆ. ಎಲ್ಲರೂ ಹಾಗೆಯೇ ಮಾಡುತ್ತಾರೆ, ನೀವೊಬ್ಬರೇ ಹರಿಶ್ಚಂದ್ರನ ತುಂಡೇ ಎಂದು ಕೇಳಿದೆ.

“ಗೋಡೆ ಮ್ಯಾಲೆ ಮೂರು ತಿಂಗಳು ಇತ್ತು ಅಂತ ನಾನು ಬರೀಬೇಕು, ನಿರ್ಮಲಾ. ಇರ್ಲಿಲ್ಲ. ಇಲ್ಲದ್ದನ್ನ ಹೆಂಗೆ ಬರೀಲಿ?”

ಅಷ್ಟೇ. ಗೋಡೆಗೆ ಹೇಳಿದರೂ ಒಂದು ದಿನ ಕೇಳಿಸಿಕೊಂಡೀತು. ಎಂಬತ್ನಾಲ್ಕರಲ್ಲಿ ಗಡುವು ಮುಗಿಯಿತು, ವಿಶ್ವವಿದ್ಯಾಲಯದವರು ಹೆಸರು ತೆಗೆದುಹಾಕಿದರು. ಅವತ್ತು ಇವರು ಎಂದಿನಂತೆ ಕಾಲೇಜಿಗೆ ಹೋಗಿ ಪಾಠ ಮಾಡಿ ಬಂದರು. ನಾನು ಒಲೆ ಹಚ್ಚಲಿಲ್ಲ. ಹನ್ನೆರಡು ವರ್ಷದ ಸಂಸಾರದಲ್ಲಿ ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

ಮಳೆ ಹಿಡಿದ ಮೇಲೆ ಒಂದು ಭಾನುವಾರ ಲಕ್ಷ್ಮಕ್ಕ ಮಗಳನ್ನು ಕರೆದುಕೊಂಡು ಜಗಳೂರಿನಿಂದ ಬಸ್ಸು ಬದಲಿಸಿ ಬದಲಿಸಿ ನಮ್ಮ ಮನೆ ಹುಡುಕಿಕೊಂಡು ಬಂದಳು.  ಹುಲಿಗೆಮ್ಮನ ಕೊರಳ ಮೂಳೆ ಎದ್ದು ಕಾಣುತ್ತಿತ್ತು, ನಾಲ್ಕು ಹೆಜ್ಜೆಗೊಮ್ಮೆ ಕೆಮ್ಮು. ಮಾತ್ರೆ ನುಂಗುತ್ತಿದ್ದಾಳಾ ಎಂದು ಇವರು ಕೇಳಿದರು.

“ಬಿಟ್ಟೀವಿ ರೀ. ತಾಯ್ತ ನೀವೇ ತಗೊಂಡು ಹೋದ್ರಲ್ಲ, ಇನ್ನ ಬರೀ ಮಾತ್ರೆ ಏನ್ ಮಾಡ್ತೈತೆ? ಕೈಮುಗೀತೀನಿ, ಅದನ್ನ ತಿರುಗಿ ಕೊಡ್ರಿ.”

 ಈಗ ಮತ್ತೆ ಪಾಠ ಶುರುಮಾಡುತ್ತಾರೆ, ಪುಡಿ, ಕಿರಣ, ವಿಜ್ಞಾನ ಎಂದು ನಾನು ಹಲ್ಲುಕಚ್ಚಿ ನಿಂತಿದ್ದೆ. ಇವರು ಒಳಗೆ ಹೋಗಿ ಒಂದು ಚೀಲ ತಂದರು, ದೇವರ ಮುಂದಿನ ವಿಭೂತಿ ಹಚ್ಚಿದರು, ಹುಲಿಗೆಮ್ಮನ ಕೊರಳಿಗೆ ತಾವೇ ಕಟ್ಟಿದರು.

“ಅವತ್ತು ನಾನು ಹೇಳಿದ್ದು ತಪ್ಪಾತು ಲಕ್ಷ್ಮಕ್ಕ. ಇದು ತಾಯ್ತನೇ. ಆದ್ರೆ ಒಂದು ಕಟ್ಟುಪಾಡು ಐತೆ. ಆಸ್ಪತ್ರೆ ಮಾತ್ರೆ ಹೊಟ್ಟ್ಯಾಗೆ ಇದ್ರಷ್ಟೇ ಇದು ಹಿಡೀತೈತೆ. ಒಂದಿನ ತಪ್ಪಿದ್ರೂ ಇದರ ಶಕ್ತಿ ಹೋತು. ನಾಳೆನೇ ದಾವಣಗೆರೆಗೆ ನಡೀರಿ, ನಾನೂ ಬರ್ತೀನಿ.”

ತಾಯಿ ಮಗಳು ಇಬ್ಬರೂ ಚೀಲವನ್ನು ಕಣ್ಣಿಗೊತ್ತಿಕೊಂಡರು. ನಾನು ಅಡುಗೆಮನೆಗೆ ನಡೆದೆ. ಇವರು ಹಿಂದೆಯೇ ಬಂದಾಗ ತಡೆಯಲಾಗಲಿಲ್ಲ. ಇಷ್ಟು ಸಲೀಸಾಗಿ ಸುಳ್ಳು ಹೇಳಲು ಬರುತ್ತಿದ್ದರೆ ಗಡುವಿನೊಳಗೆ ಒಂದೇ ಒಂದು ಸಾಲು ಸುಳ್ಳು ಬರೆಯಲು ನಿಮಗೆ ಏನು ಬಂದಿತ್ತು ರೋಗ ಎಂದು ಕೇಳಿದೆ. ಹೊರಗಿನವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿಯೇ ಕೇಳಿದೆ.

“ಆ ಸುಳ್ಳಿನಿಂದ ಯಾರೂ ಬದುಕ್ತಿರ್ಲಿಲ್ಲ ಕಣೇ,” ಎಂದರು.

 ನಾನು ತಾಯಿ ಮಗಳಿಗೆ ಊಟಕ್ಕೆ ಎಲೆ ಹಾಕಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ.