ಕಾಕಾನ ಮಷೀನಿನ ಎಣ್ಣೆ ಪೈಪು

ಕಾಕಾನ ಚೈನ್ ಸಾ ಬಿಚ್ಚಲು ಕುಳಿತಾಗ ಮೊದಲು ಕೈಗೆ ಹತ್ತಿದ್ದು ಕುಂಕುಮ. ಎಂಜಿನ್ನಿನ ಸಂದುಸಂದಿನಲ್ಲಿ ವರ್ಷದ ಮೇಲೆ ವರ್ಷ ಕೂತ ಕುಂಕುಮ, ಅರಿಸಿನ, ಚೆಂಡು ಹೂವಿನ ಒಣಗಿದ ಎಸಳು. ಹನ್ನೊಂದು ವರ್ಷದಿಂದ ಅದು ಒಂದು ಕಡ್ಡಿಯನ್ನೂ ಕೊಯ್ದಿರಲಿಲ್ಲ. ಆದರೂ ಪ್ರತಿ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಗೆ ಹಳೇ ಹುಬ್ಬಳ್ಳಿಯ ಅವರ ಮನೆಯಲ್ಲಿ ಮಣೆ ಏರಿ ಕೂತು ಆರತಿ ಮಾಡಿಸಿಕೊಳ್ಳುತ್ತಿತ್ತು. ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನೆಲ್ಲ ಕೆರೆದು ತೆಗೆಯುವುದರಲ್ಲೇ ಒಂದು ಭಾನುವಾರದ ಮುಂಜಾನೆ ಕಳೆಯಿತು.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಮನೆ ಮೇಲೆ ವಾಲಿದ ಮರ, ಕರೆಂಟಿನ ತಂತಿಗೆ ತಾಗುವ ಟೊಂಗೆ, ಗಾಳಿಗೆ ಬಿದ್ದ ಮರ ಇವುಗಳನ್ನು ಕೊಯ್ದು ಕೊಡುವುದೇ ಅವರ ಉದ್ಯೋಗವಾಗಿತ್ತು. ಮಾಳಮಡ್ಡಿಯ ಒಂದು ಕಂಪೌಂಡಿನಲ್ಲಿ ಬಿದ್ದ ಹುಣಸೆ ಮರ ಕೊಯ್ಯುವಾಗ ಚೈನು ಕಾದು, ಹರಿದು, ಹಿಂದಕ್ಕೆ ಬಡಿದು ಬಲಗೈಯ ಎರಡು ಬೆರಳು ಹೋದವು. ಆಮೇಲೆ ಅವರು ಮರ ಮುಟ್ಟಲಿಲ್ಲ, ಕಟ್ಟಿಗೆ ಅಡ್ಡೆಯೊಂದರಲ್ಲಿ ವಾಚ್‌ಮನ್ ಆದರು. ಚೈನು ಓಡುವ ಪಟ್ಟಿಗೆ ಎಣ್ಣೆ ಹೋಗದಿದ್ದರೆ ಮಾತ್ರ ಹಾಗೆ ಕಾಯುತ್ತದೆ. ಆದ್ದರಿಂದ ಕಾಕಾ ಎಣ್ಣೆ ಹಾಕುವುದನ್ನು ಮರೆತರು ಎಂದು ಎಲ್ಲರೂ ತೀರ್ಮಾನಿಸಿದರು. ಎಲ್ಲರಿಗಿಂತ ಮೊದಲು, ಮಷೀನು ಬಿಚ್ಚಿ ನೋಡದೆಯೇ ತೀರ್ಮಾನಿಸಿದವನು ನಾನು. ತಾರಿಹಾಳದಲ್ಲಿ ವರ್ಕ್‌ಶಾಪ್ ಇಟ್ಟುಕೊಂಡ ನನ್ನಂಥವನೇ ಹೇಳಿದ ಮೇಲೆ ಇಲ್ಲವೆನ್ನುವವರು ಯಾರು?

ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಪ್ರತಿ ವರ್ಷ ಪೂಜೆ ಮುಗಿದು ಹೋಳಿಗೆ ಊಟಕ್ಕೆ ಕೂತಾಗ, ನಮ್ಮ ಕಾಕಾ ದೇವರ ದೀಪಕ್ಕೆ ಎಣ್ಣೆ ಹಾಕುವುದನ್ನು ಮರೆಯುವುದಿಲ್ಲ, ಮಷೀನಿಗೆ ಮಾತ್ರ ಮರೆಯುತ್ತಾರೆ ಎಂದು ಚೇಷ್ಟೆ ಮಾಡುತ್ತಿದ್ದೆ. ಪಂಕ್ತಿಯೆಲ್ಲ ನಗುತ್ತಿತ್ತು. ಕಾಕಾನೂ ನಗುತ್ತಿದ್ದರು. ಕಾಕಾನ ಹೆಂಡತಿ, ನಮ್ಮ ಚಿಗವ್ವ ಮಾತ್ರ ನಗುತ್ತಿರಲಿಲ್ಲ. ದುಡಿಯುವ ಕೈಯನ್ನು ಮರೆವಿಗೆ ಕೊಟ್ಟು ಬಂದ ಗಂಡನನ್ನು ಆಕೆ ಕ್ಷಮಿಸಿರಲಿಲ್ಲ.

ಈ ಸಲ ಶ್ರಾವಣದಲ್ಲಿ ಕಾಕಾ ನನ್ನನ್ನು ಕರೆಸಿದರು. ಎದೆಯ ತ್ರಾಸು ಜಾಸ್ತಿಯಾಗಿ ಅಡ್ಡೆಯ ಕೆಲಸವನ್ನೂ ಬಿಟ್ಟಿದ್ದರು. ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು.

“ಸತ್ತ ಮಷೀನಿಗೆ ಎಷ್ಟ ವರ್ಷ ಪೂಜಿ ಮಾಡೂದು? ಈ ಸಲ ಖಂಡೇ ಪೂಜಿಗೆ ಅದರ ಸಪ್ಪಳ ಕೇಳಬೇಕಾಗೇತಿ. ಮಾಡಿಕೊಡು,” ಅಂದರು.

ಮುಂದಿನ ವರ್ಷದ ಪೂಜೆಯ ತನಕ ತಾವು ಇರುವ ನಂಬಿಕೆ ಅವರಿಗಿರಲಿಲ್ಲ. ನನಗೂ ಇರಲಿಲ್ಲ. ನಾನು ಮಷೀನನ್ನು ಗೋಣಿಚೀಲದಲ್ಲಿ ಸುತ್ತಿ ತಂದೆ.

ವರ್ಕ್‌ಶಾಪಿಗೆ ರಜೆಯಿರುವ ಭಾನುವಾರಗಳಲ್ಲಿ ಒಬ್ಬನೇ ಕೂತು ಕೆಲಸ ಮಾಡಿದೆ. ಪಿಸ್ಟನ್ನಿನ ರಿಂಗು ಹಿಡಿದುಕೊಂಡಿತ್ತು. ಕಾರ್ಬ್ಯುರೇಟರಿನೊಳಗಿನ ರಬ್ಬರಿನ ಪರದೆ ಸಂಡಿಗೆಯ ಹಾಗೆ ಮುಟ್ಟಿದರೆ ಮುರಿಯುತ್ತಿತ್ತು. ಅವನ್ನು ಬದಲಿಸಿದೆ, ಎಳೆಯುವ ಹಗ್ಗ ಹೊಸದು ಹಾಕಿದೆ. ಕೈ ಹುರುಪಿನಲ್ಲಿತ್ತು, ಸಿಳ್ಳೆ ಕೂಡ ಹಾಕುತ್ತಿದ್ದೆ. ಮೂರನೆಯ ಭಾನುವಾರ ಎಣ್ಣೆಯ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಟ್ಯಾಂಕಿನ ತುಂಬ ಎಣ್ಣೆ ಇತ್ತು. ಅಂಟಂಟಾಗಿ, ಕಪ್ಪಗೆ, ಕಂಠದ ತನಕ.

ಮರೆತವರ ಟ್ಯಾಂಕು ತುಂಬಿರುವುದು ಹೇಗೆ? ಟ್ಯಾಂಕಿನಿಂದ ಪಂಪಿಗೆ ಎಣ್ಣೆ ಒಯ್ಯುವ ಪೈಪನ್ನು ಚಿಮಟಿಗೆಯಿಂದ ಹೊರಗೆಳೆದೆ. ಅದು ಕಂಪನಿಯ ರಬ್ಬರ್ ಪೈಪಲ್ಲ, ಬೈಕಿಗೆ ಹಾಕುವ ಪೆಟ್ರೋಲ್ ಪೈಪು. ಅದರ ಕುತ್ತಿಗೆಗೆ ತಾಮ್ರದ ತಂತಿ ಮೂರು ಸುತ್ತು ಸುತ್ತಿ, ತುದಿಯನ್ನು ಒಳಕ್ಕೆ ಮಡಚಲಾಗಿತ್ತು. ಹಾಗೆ ಮಡಚುವವನು ನಾನು. ನನ್ನ ಅಂಗಡಿಯಿಂದ ಹೊರಬಿದ್ದ ಯಾವ ಪೈಪು ನೋಡಿದರೂ ಅದೇ ಮೂರು ಸುತ್ತು, ಅದೇ ಮಡಿಕೆ.

ಆಗ ಎಲ್ಲ ನೆನಪಾಯಿತು. ಹುಣಸೆ ಮರದ ಹಿಂದಿನ ದಿನ ಕಾಕಾ ಮಷೀನು ತಂದಿದ್ದರು, ಎಣ್ಣೆ ಸೋರುತ್ತದೆ, ಹೊಸ ಪೈಪು ಹಾಕು ಎಂದು. ನನಗೆ ಬೇರೆ ಕೆಲಸದ ಗಡಿಬಿಡಿ. ಕೈಗೆ ಸಿಕ್ಕ ಪೆಟ್ರೋಲ್ ಪೈಪು ಕತ್ತರಿಸಿ, ತಂತಿ ಬಿಗಿದು ಕೊಟ್ಟೆ. “ನಾ ನೋಡೇನಿ ಕಾಕಾ, ಏನೂ ಆಗಂಗಿಲ್ಲ, ತಗೊಂಡ ಹೋಗ್ರಿ,” ಅಂದಿದ್ದೆ. ಈಗ ಅದನ್ನು ಬಾಯಿಗಿಟ್ಟು ಊದಿದರೆ ಗಾಳಿ ಹೋಗಲಿಲ್ಲ. ನಾನು ಬಿಗಿದ ತಂತಿಯ ಕೆಳಗೇ ಪೈಪಿನ ಬಾಯಿ ಒತ್ತಿ ಮುಚ್ಚಿಹೋಗಿತ್ತು.

ಕಾಕಾನಿಗೆ ಒಂದು ನೇಮವಿತ್ತು. ಯಾವ ಕೆಲಸಕ್ಕೇ ಹೋಗಲಿ, ಮರ ಮುಟ್ಟುವ ಮೊದಲು ನೆಲಕ್ಕೆ ಹಳೆಯ ಪೇಪರ್ ಹಾಸಿ, ಪಟ್ಟಿಯ ತುದಿ ಅದರ ಮೇಲೆ ಹಿಡಿದು ಮಷೀನು ಓಡಿಸುತ್ತಿದ್ದರು. ಪೇಪರಿನ ಮೇಲೆ ಎಣ್ಣೆಯ ಗೀಟು ಸಿಡಿದರೆ ಮಾತ್ರ ಕೆಲಸ. ಗೀಟು ಬೀಳದೆ ವಾಪಸು ಬಂದದ್ದನ್ನು ನಾನೇ ಕಂಡಿದ್ದೇನೆ. ಹುಣಸೆ ಮರದ ದಿನ ಮಾತ್ರ ಪೇಪರ್ ಹಾಸಿರಲಿಕ್ಕಿಲ್ಲ. ನಾನು ನೋಡಿದ್ದೇನೆ ಎಂದಿದ್ದೆನಲ್ಲ.

ಆ ಪೈಪನ್ನು ಮೋರಿಗೆಸೆದು ಸುಮ್ಮನಿರುವ ಯೋಚನೆಯೂ ಬಂತು. ಸುಳ್ಳು ಯಾಕೆ ಹೇಳಲಿ, ಒಂದು ವಾರ ಅದೇ ಯೋಚನೆಯಲ್ಲಿದ್ದೆ. ನನ್ನ ಬಗ್ಗೆ ನನಗೆ ಹೇಸಿಕೆ ಬಂತು. ಮುಂದಿನ ಭಾನುವಾರ ಸರಿಯಾದ ರಬ್ಬರ್ ಪೈಪು ತಂದು, ಎಣ್ಣೆಯಲ್ಲಿ ಅದ್ದಿ, ತುದಿಗೆ ದಾರ ಕಟ್ಟಿ ರಂಧ್ರದೊಳಗಿಂದ ಎಳೆದೆ. ಅದರ ಕಂಠ ಟ್ಯಾಂಕಿನ ಗೋಡೆಯಲ್ಲಿ ಸರಿಯಾಗಿ ಕೂರುವ ತನಕ ನಾಲ್ಕು ಸಲ ತೆಗೆದು ಹಾಕಿದೆ. ಇಷ್ಟೇ ತಾಳ್ಮೆ ಅವತ್ತು ಬೇಕಾಗಿತ್ತು.

ಪೂಜೆಯ ದಿನ ಮುಂಜಾನೆ ಹಿತ್ತಲಲ್ಲಿ ಕಾಕಾನನ್ನು ಕುರ್ಚಿಯ ಮೇಲೆ ಕೂರಿಸಿ, ಪೇಪರ್ ಹಾಸಿ, ಹಗ್ಗ ಎಳೆದೆ. ಮೂರನೆಯ ಎಳೆತಕ್ಕೆ ಮಷೀನು ಹೊತ್ತಿಕೊಂಡಿತು. ಪೇಪರಿನ ಮೇಲೆ ಉದ್ದನೆಯ ಗೀಟು ಬಿತ್ತು. ಕಾಕಾ ಕಣ್ಣು ಮುಚ್ಚಿ ಸಪ್ಪಳ ಕೇಳಿದರು. ಬಂದ್ ಮಾಡಿ, ಹಳೆಯ ಪೈಪನ್ನು ಅವರ ಅಂಗೈಯಲ್ಲಿಟ್ಟೆ. ನಾನೇ ಕಟ್ಟಿದ್ದು ಎಂದೆ.

ಅವರು ಅದನ್ನು ಉಳಿದ ಮೂರು ಬೆರಳಿನಲ್ಲಿ ತಿರುಗಿಸಿ ನೋಡಿದರು. “ಗೊತ್ತೈತಿ. ದವಾಖಾನಿಯಿಂದ ಬಂದ ಮ್ಯಾಲ ಮುಚ್ಚಳಾ ತಗದ ನೋಡಿದ್ದೆ. ಎಣ್ಣಿ ತುಂಬಿತ್ತು.”

“ಮತ್ತ ಯಾಕ ಹೇಳಲಿಲ್ರಿ?”

“ಪೇಪರ್ ಹಾಸಬೇಕಾಗಿತ್ತು ನಾ,” ಅಂದರು.

ಅಷ್ಟರಲ್ಲಿ ಚಿಗವ್ವ ಆರತಿ ತಟ್ಟೆ ಹಿಡಿದು ಬಂದರು. ಮಷೀನು ಚಾಲೂ ಆದದ್ದು ಕೇಳಿ ಅವರ ಮುಖ ಸಡಿಲಾಗಿತ್ತು. ಆದರೂ ಹಳೆಯ ಮಾತು ಬಂದೇ ಬಂತು. “ಅವತ್ತ ಇಷ್ಟ ಎಣ್ಣಿ ಹಾಕಿದ್ರ ಕೈ ಉಳೀತಿತ್ತು. ಮರ್ತ ಕೂತ್ರು.”

ನಾನು ಬಾಯಿ ತೆರೆದೆ. ಕಾಕಾ ಪೈಪನ್ನು ಮೆಲ್ಲಗೆ ಜೇಬಿಗೆ ಸರಿಸಿದರು. “ಹೌದು, ಮರ್ತಿದ್ದೆ,” ಅಂದರು. ನಾನು ತೆರೆದ ಬಾಯಿ ಮುಚ್ಚಿದೆ.

ದೀಪಾವಳಿ ಆದ ಮೇಲೆ ಕಾಕಾ ತೀರಿಕೊಂಡರು. ಮರುವರ್ಷದ ಪೂಜೆಗೆ ಹೋದಾಗ ಚಿಗವ್ವ ಮಷೀನಿಗೆ ಕುಂಕುಮ ಹಚ್ಚುತ್ತ ಕಣ್ಣೊರೆಸಿಕೊಂಡರು. ನಿಮ್ಮ ಕಾಕಾ ಅವತ್ತು ಮರೆಯಬಾರದಿತ್ತು, ಅಲ್ಲವೇನಪಾ ಎಂದು ನನ್ನನ್ನು ಕೇಳಿದರು. ನಾನು ಹೌದು ಎಂದೆ.